200 ಕೋಟಿಗೂ ಜಾಸ್ತಿ ಕ್ರೈಸ್ತರು ಇರುವಾಗ ಅವರ ಮೇಲೆ ದೌರ್ಜನ್ಯ ಅನ್ನೋದು ನಿಜವೇ?

ಜಗತ್ತಿನಲ್ಲಿ ಕ್ರೈಸ್ತರು 200 ಕೋಟಿಗೂ ಜಾಸ್ತಿ ಇದ್ದಾರೆ, ಅಮೆರಿಕ, ಯುರೋಪು ಎಲ್ಲ ಅವರದೇ, ಅಂಥವರನ್ನು ಹಿಂಸಿಸುವವರು ಯಾರು, ಇದೆಲ್ಲ ಸುಮ್ನೆ ಪ್ರಚಾರ ಅಲ್ವಾ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ಆಮೇಲೆ ಶಾರ್ಜಾದಲ್ಲಿ ಎಂಟು ವರ್ಷ ಎಲೆಕ್ಟ್ರಿಷಿಯನ್ ಕೆಲಸ ಮಾಡಿದೆ. ಅದರಲ್ಲಿ ಮೂರು ವರ್ಷ ನನ್ನ ರೂಮಿನಲ್ಲಿ ಪಾಕಿಸ್ತಾನದ ಫೈಸಲಾಬಾದ್ ಕಡೆಯ ಒಬ್ಬ ಪಂಜಾಬಿ ಕ್ರೈಸ್ತ ಇದ್ದ. ಅವನ ಕಷ್ಟಕ್ಕೆ ಆ 200 ಕೋಟಿಯಲ್ಲಿ ಒಬ್ಬನೂ ಬಂದದ್ದನ್ನು ನಾನು ನೋಡಲಿಲ್ಲ.

ಪೆಟ್ಟು ತಿನ್ನುವವರು ಯಾರು ಅಂತ ನೋಡಿ. 2015ರ ಫೆಬ್ರವರಿಯಲ್ಲಿ ಲಿಬಿಯಾದ ಕಡಲತೀರದಲ್ಲಿ ಐಸಿಸ್‌ನವರು 21 ಜನರ ಕತ್ತು ಕೊಯ್ದು ವಿಡಿಯೊ ಬಿಟ್ಟರು. 20 ಜನ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು, ಒಬ್ಬ ಘಾನಾದವನು. ಹೊಟ್ಟೆಪಾಡಿಗೆ ಕೂಲಿಗೆ ಹೋಗಿದ್ದವರು. ಎರಿಟ್ರಿಯಾದಲ್ಲಿ 2002ರಿಂದ ಸರ್ಕಾರ ಒಪ್ಪಿದ ಮೂರು ಚರ್ಚುಗಳ ಹೊರಗಿನವರು ಸೇರಿ ಪ್ರಾರ್ಥನೆ ಮಾಡಿದರೆ ಜೈಲು. ಉತ್ತರ ಕೊರಿಯಾದಲ್ಲಿ ಮನೆಯಲ್ಲಿ ಬೈಬಲ್ ಸಿಕ್ಕರೆ ಮುಗಿಯಿತು. ನೈಜೀರಿಯಾದ ಕಥೆ ಇನ್ನೂ ಗೋಜಲು. ಬೊಕೊ ಹರಾಮ್ ಅನ್ನುವ ಉಗ್ರರ ಗುಂಪು ಇದೆ, ಅದರ ಜೊತೆಗೆ ದನ ಮೇಯಿಸುವವರಿಗೂ ಬೇಸಾಯದವರಿಗೂ ನೆಲದ ಜಗಳ ಇದೆ, ಸತ್ತವರಲ್ಲಿ ಮುಸ್ಲಿಮರೂ ಬಹಳ. ಇದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ "ಇಷ್ಟು ಕೋಟಿ ಜನಕ್ಕೆ ಹಿಂಸೆ" ಅಂತ ಹೇಳುವ ಪಟ್ಟಿಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಹಾಗಾಗಿ ಪಾಕಿಸ್ತಾನದ ವಿಷಯ ಮಾತ್ರ ಬರೆಯುತ್ತೇನೆ.

ನನ್ನ ರೂಮಿಗೆ ಬಂದ ಮೊದಲ ದಿನ ಅವನು ಟೀ ಕುಡಿದು ಲೋಟ ತೊಳೆದ. ಆದರೆ ನಮ್ಮ ಲೋಟಗಳ ಜೊತೆ ಇಡಲಿಲ್ಲ. ಕಿಟಕಿಯ ಹತ್ತಿರ ಬೇರೆ ಇಟ್ಟ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ನಾನು ಮಂಡ್ಯ ಕಡೆಯ ಹಳ್ಳಿಯವನು. ನಾನು ಹುಡುಗನಾಗಿದ್ದಾಗ ನಮ್ಮೂರ ಹೋಟೆಲಿನ ಹೊರಗೆ, ಸೂರಿನ ಕೆಳಗೆ, ನಾಲ್ಕು ಗಾಜಿನ ಲೋಟ ಹೀಗೇ ಬೇರೆ ಇರುತ್ತಿದ್ದವು. ಕುಡಿದವರೇ ತೊಳೆದಿಡಬೇಕು. ನಾನು ಒಳಗೆ ಬೆಂಚಿನ ಮೇಲೆ ಕೂತು ಸ್ಟೀಲ್ ಲೋಟದಲ್ಲಿ ಕುಡಿಯುವ ಮನೆಯವನು. ಹಾಗಾಗಿ ಕಿಟಕಿಯ ಆ ಲೋಟ ಏನು ಅಂತ ನೋಡಿದ ತಕ್ಷಣ ಗೊತ್ತಾಯಿತು.

ಪಾಕಿಸ್ತಾನದ ಕ್ರೈಸ್ತರ ಕಷ್ಟ ಬರೀ ಧರ್ಮದ ಜಗಳ ಅಂದುಕೊಂಡರೆ ಅರ್ಧ ಮಾತ್ರ ಅರ್ಥವಾಗುತ್ತೆ. ಇನ್ನರ್ಧ ಜಾತಿ. 1873ರಲ್ಲಿ ಸಿಯಾಲ್‌ಕೋಟ್ ಹತ್ತಿರದ ದಿತ್ತ್ ಅನ್ನುವ ಕುಂಟ ಮನುಷ್ಯ ಕ್ರೈಸ್ತನಾದ. ಹಳ್ಳಿ ಹಳ್ಳಿ ತಿರುಗಿ ಚರ್ಮ ಕೊಳ್ಳುತ್ತಿದ್ದವನು, ಕಸ ಬಳಿಯುವ ಜಾತಿಯವನು. ಅವನ ಹಿಂದೆ ಅವನ ನೆಂಟರು, ಅವರ ಹಿಂದೆ ಹಳ್ಳಿಗೆ ಹಳ್ಳಿ ಹೋದವು. ಇವತ್ತಿನ ಪಾಕಿಸ್ತಾನಿ ಪಂಜಾಬಿನ ಕ್ರೈಸ್ತರು ಹೆಚ್ಚಿನವರು ಆ ಜನರ ಮೊಮ್ಮಕ್ಕಳು, ಮರಿಮಕ್ಕಳು. ದೇವರು ಬದಲಾದ, ಹೆಸರಿನ ಕೊನೆಗೆ 'ಮಸೀಹ್', ಅಂದರೆ ಕ್ರಿಸ್ತ, ಅಂತ ಬಂತು, ಕೈಯಲ್ಲಿದ್ದ ಪೊರಕೆ ಹೋಗಲಿಲ್ಲ. ಚರಂಡಿ ಕೆಲಸಕ್ಕೆ "ಮುಸ್ಲಿಮೇತರರು ಮಾತ್ರ ಅರ್ಜಿ ಹಾಕಿ" ಅಂತ ಅಲ್ಲಿನ ಸರ್ಕಾರಿ ಕಚೇರಿಗಳೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿವೆ. ಅವರನ್ನು ಬೈಯಲು ಹಳೇ ಜಾತಿಯ ಹೆಸರನ್ನೇ ಬಳಸುತ್ತಾರೆ. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ರೂಮ್‌ಮೇಟ್ ಡಿಪ್ಲೊಮಾ ಮಾಡಿದ್ದ, ಅವನಿಗೂ ಅದೇ ಪದ.

ಈಗ ಆಸಿಯಾ ಬೀಬಿ ಕೇಸು ನೆನಪು ಮಾಡಿಕೊಳ್ಳಿ. 2009ರ ಜೂನ್, ಪಂಜಾಬಿನ ಶೇಖೂಪುರ ಜಿಲ್ಲೆ, ಸುಡು ಬಿಸಿಲು. ಹೆಂಗಸರು ಕೂಲಿಗೆ ಫಾಲ್ಸಾ ಹಣ್ಣು ಬಿಡಿಸುತ್ತಿದ್ದರು. ಐದು ಮಕ್ಕಳ ತಾಯಿ, ಕ್ರೈಸ್ತಳಾದ ಆಸಿಯಾ ನೀರು ತರಲು ಹೋಗಿ, ಅಲ್ಲಿದ್ದ ಲೋಟದಲ್ಲಿ ತಾನೂ ಕುಡಿದಳು. ನೀನು ಮುಟ್ಟಿದ ನೀರು ನಾವು ಕುಡಿಯಲ್ಲ ಅಂತ ಉಳಿದವರು ಜಗಳ ತೆಗೆದರು. ಮಾತಿಗೆ ಮಾತು ಬೆಳೆಯಿತು. ಕೆಲವು ದಿನ ಕಳೆದ ಮೇಲೆ ಅದು ಪ್ರವಾದಿಯ ನಿಂದನೆ ಅನ್ನುವ ಆರೋಪವಾಯಿತು. 2010ರ ನವೆಂಬರಿನಲ್ಲಿ ಗಲ್ಲು ಶಿಕ್ಷೆ.

ಲೋಟದ ಜಗಳ ಗಲ್ಲಿಗೆ ಹೋಗಿದ್ದು ಹೇಗೆ ಅಂದರೆ, ಕಾನೂನಿನಿಂದ. ಅದರ ಬೇರು ನಮಗೂ ಗೊತ್ತಿರುವುದೇ. ಬ್ರಿಟಿಷರ ಕಾಲದ ಐಪಿಸಿ, 1927ರಲ್ಲಿ ಅದಕ್ಕೆ ಸೇರಿಸಿದ 295ಎ, ಅಂದರೆ ಬೇಕಂತಲೇ ಧರ್ಮದ ಭಾವನೆಗೆ ಧಕ್ಕೆ ಮಾಡಿದರೆ ಶಿಕ್ಷೆ ಅನ್ನುವ ಕಲಮು. ಎರಡೂ ದೇಶ ಅದನ್ನು ಉಳಿಸಿಕೊಂಡವು. ಆಮೇಲೆ ಪಾಕಿಸ್ತಾನದ ಸೇನಾ ಸರ್ವಾಧಿಕಾರಿ ಜನರಲ್ ಜಿಯಾ ಉಲ್ ಹಕ್ ಕಾಲದಲ್ಲಿ ಅಲ್ಲಿ 1982ರಲ್ಲಿ 295ಬಿ ಬಂತು, ಕುರ್‌ಆನ್‌ಗೆ ಅಪಚಾರ ಮಾಡಿದರೆ ಜೀವಾವಧಿ. 1986ರಲ್ಲಿ 295ಸಿ, ಪ್ರವಾದಿಯನ್ನು ನಿಂದಿಸಿದರೆ ಜೀವಾವಧಿ ಇಲ್ಲವೇ ಗಲ್ಲು. 1990ರಲ್ಲಿ ಶರಿಯತ್ ಕೋರ್ಟು ಗಲ್ಲೊಂದೇ ಸರಿ ಅಂದಿತು. ಜಿಯಾಗಿಂತ ಮೊದಲು ಬೆರಳೆಣಿಕೆಯ ಕೇಸುಗಳಿದ್ದವು, ಆಮೇಲೆ ಸಾವಿರ ದಾಟಿದವು. ಕೋರ್ಟು ಗಲ್ಲಿನ ತೀರ್ಪು ಕೊಟ್ಟರೂ ಸರ್ಕಾರ ಈ ಕಲಮಿನಲ್ಲಿ ಇವತ್ತಿಗೂ ಯಾರನ್ನೂ ನೇಣಿಗೆ ಹಾಕಿಲ್ಲ. ಅದರ ಅಗತ್ಯವೇ ಬೀಳುವುದಿಲ್ಲ. ಆರೋಪ ಬಂತು ಅಂದರೆ ಸಾಕು, ಮಸೀದಿಯ ಮೈಕಿನಲ್ಲಿ ಕೂಗುತ್ತಾರೆ, ಗುಂಪು ಸೇರುತ್ತೆ.

ಒಂದು ಮಾತು ಮರೆಯಬಾರದು. ಈ ಕಾನೂನಿನಲ್ಲಿ ಸಿಕ್ಕಿಕೊಂಡವರಲ್ಲಿ ಎಣಿಕೆಗೆ ಜಾಸ್ತಿ ಇರುವವರು ಮುಸ್ಲಿಮರೇ. 2017ರಲ್ಲಿ ಮರ್ದಾನ್ ಯೂನಿವರ್ಸಿಟಿಯಲ್ಲಿ ಸಹಪಾಠಿಗಳು ಹೊಡೆದು ಕೊಂದ ಮಶಾಲ್ ಖಾನ್ ಮುಸ್ಲಿಮ್. ಆದರೆ 2023ರ ಜನಗಣತಿ ಪ್ರಕಾರ ಕ್ರೈಸ್ತರು ಸುಮಾರು 33 ಲಕ್ಷ, ನೂರಕ್ಕೆ ಒಂದೂವರೆಯೂ ಇಲ್ಲ. ಆ ಲೆಕ್ಕಕ್ಕೆ ಅವರ ಮೇಲಿನ ಕೇಸುಗಳು ಬಹಳ ಜಾಸ್ತಿ. ಇನ್ನೊಂದು ವ್ಯತ್ಯಾಸ, ಮುಸ್ಲಿಮನ ಮೇಲೆ ಆರೋಪ ಬಂದರೆ ಸಾಮಾನ್ಯವಾಗಿ ಅವನೊಬ್ಬನ ತಲೆಗೆ ಬರುತ್ತೆ. ಕ್ರೈಸ್ತನ ಮೇಲೆ ಬಂದರೆ ಇಡೀ ಕೇರಿಗೇ ಬೆಂಕಿ. 2013ರಲ್ಲಿ ಲಾಹೋರಿನ ಜೋಸೆಫ್ ಕಾಲೊನಿಯಲ್ಲಿ ಇಬ್ಬರು ಗೆಳೆಯರ ಜಗಳಕ್ಕೆ ನೂರಕ್ಕೂ ಹೆಚ್ಚು ಮನೆ ಸುಟ್ಟವು. ಆರೋಪ ಹೊತ್ತವನಿಗೆ ಗಲ್ಲು ಆಯಿತು, ಕೊನೆಗೆ 2020ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು.

ಆಸಿಯಾ ಪರ ನಿಂತವರ ಗತಿ ನೋಡಿ. ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರ್ ಜೈಲಿಗೆ ಹೋಗಿ ಅವಳನ್ನು ಕಂಡು ಬಂದರು. 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಗುಂಡು ಹೊಡೆದು ಕೊಂದ. ಕೋರ್ಟಿಗೆ ಕರೆತಂದಾಗ ವಕೀಲರು ಆ ಕೊಲೆಗಾರನ ಮೇಲೆ ಹೂವಿನ ಎಸಳು ಎರಚಿದರು. ಎರಡು ತಿಂಗಳಲ್ಲಿ ಅಲ್ಪಸಂಖ್ಯಾತರ ಮಂತ್ರಿ ಶಹಬಾಜ್ ಭಟ್ಟಿಯನ್ನೂ ಕೊಂದರು. ಸಂಪುಟದಲ್ಲಿ ಇದ್ದ ಕ್ರೈಸ್ತ ಅವರು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಆಸಿಯಾಳನ್ನು ಬಿಡುಗಡೆ ಮಾಡಿತು, ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಅಂತ. ಮರುವರ್ಷ ಅವಳು ಕೆನಡಾಕ್ಕೆ ಹೋದಳು. ಈ ಸುದ್ದಿಯನ್ನು ವಾಟ್ಸಾಪಿನಲ್ಲಿ ಒಂದು ಸಮುದಾಯವನ್ನು ಬೈಯಲು ಹಂಚುವವರಿಗೆ ಒಂದು ಮಾತು: ತಾಸೀರ್ ಮುಸ್ಲಿಮ್, ಅವಳ ಪರ ವಾದಿಸಿದ ವಕೀಲ ಸೈಫುಲ್ ಮಲೂಕ್ ಮುಸ್ಲಿಮ್, ಬಿಡುಗಡೆ ಮಾಡಿದ ಜಡ್ಜುಗಳೂ ಮುಸ್ಲಿಮರು. ತಾಸೀರ್ ಕೊಲೆಗಾರನ ವಿರುದ್ಧ ಸರ್ಕಾರದ ಪರ ನಿಂತಿದ್ದೂ ಅದೇ ಮಲೂಕ್.

ಹೆಸರಾದ ಕೇಸುಗಳು ಹಾಗೆ. ನನ್ನ ರೂಮ್‌ಮೇಟ್ ಜಾಸ್ತಿ ಹೇಳುತ್ತಿದ್ದುದು ಇಟ್ಟಿಗೆ ಗೂಡಿನ ಕಥೆ. ಅವನ ಅಪ್ಪ ಅಲ್ಲಿ ದುಡಿದವರು. ಅಲ್ಲಿ 'ಪೇಶ್ಗಿ' ಅಂತ ಇದೆ, ನಮ್ಮ ಮುಂಗಡ. ಮದುವೆಗೋ ಆಸ್ಪತ್ರೆಗೋ ಮಾಲೀಕನ ಹತ್ತಿರ ತಗೊಂಡರೆ ತೀರಿಸುವವರೆಗೆ ಗೂಡು ಬಿಟ್ಟು ಹೋಗುವಂತಿಲ್ಲ. ಅದು ತೀರುವುದಿಲ್ಲ. ನಮ್ಮ ಜೀತವೇ. 1992ರಲ್ಲಿ ಕಾನೂನು ಅದನ್ನು ರದ್ದು ಮಾಡಿದೆ, ಕಾಗದದಲ್ಲಿ. 2014ರ ನವೆಂಬರಿನಲ್ಲಿ ಕೋಟ್ ರಾಧಾ ಕಿಶನ್ ಅನ್ನುವ ಊರಿನಲ್ಲಿ ಇಂಥದ್ದೇ ಗೂಡಿನ ಗಂಡ ಹೆಂಡತಿಯನ್ನು ಕುರ್‌ಆನ್ ಹಾಳೆ ಸುಟ್ಟರು ಅಂತ ಗುಂಪು ಹೊಡೆದು, ಅದೇ ಗೂಡಿನಲ್ಲಿ ಸುಟ್ಟಿತು. ಆಕೆ ಬಸುರಿ. ಆ ಸುದ್ದಿ ಬಂದ ರಾತ್ರಿ ಇವನು ಊಟ ಮಾಡಲಿಲ್ಲ. ಅವನಿಗೆ ಆ ಮಣ್ಣಿನ ವಾಸನೆ ಗೊತ್ತು.

"ಇಲ್ಲಿ ಏನು ಕಮ್ಮಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ಆಗಿದ್ದು ನಮಗೆಲ್ಲ ನೆನಪಿದೆ. ಗಡಿಯ ಈ ಕಡೆಯ ಪಂಜಾಬಿನಲ್ಲೂ ದಿತ್ತ್‌ನ ಕುಲದವರಂಥ ಕ್ರೈಸ್ತರಿದ್ದಾರೆ. 1950ರ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ, ಕಾಗದದಲ್ಲಿ ಜಾತಿ ಹೋಯಿತು ಅಂತ ಲೆಕ್ಕ. ಅವನ ಪಕ್ಕದ ಮನೆಯವರಿಗೆ ಆ ಲೆಕ್ಕ ಗೊತ್ತಿಲ್ಲ. ಅದು ಬೇರೆಯೇ ಉತ್ತರಕ್ಕಾಗುವ ವಿಷಯ, ಇಲ್ಲಿ ಬಿಡುತ್ತೇನೆ.

ನಾನು ಊರಿಗೆ ವಾಪಸ್ ಬಂದ ಮೇಲೂ ಅವನು ಆಗಾಗ ಫೋನ್ ಮಾಡುತ್ತಿದ್ದ. 2023ರ ಆಗಸ್ಟ್ 16ರಂದು ಫೈಸಲಾಬಾದ್ ಜಿಲ್ಲೆಯ ಜರಾನ್‌ವಾಲಾದಲ್ಲಿ ಕುರ್‌ಆನ್ ಹಾಳೆ ಹರಿದಿದ್ದಾರೆ ಅನ್ನುವ ಸುದ್ದಿ ಹಬ್ಬಿ, ಒಂದೇ ದಿನ 20ಕ್ಕೂ ಹೆಚ್ಚು ಚರ್ಚು, ಹತ್ತಾರು ಮನೆಗಳಿಗೆ ಬೆಂಕಿ ಬಿತ್ತು. ಅವನ ಅಕ್ಕನ ಮನೆ ಅಲ್ಲೇ. ಮರುದಿನ ಮಾಡಿದ. "ಭಾಯಿ, ಎಲ್ಲರೂ ಬದುಕಿದ್ದಾರೆ. ರಾತ್ರಿಯೆಲ್ಲ ಕಬ್ಬಿನ ಗದ್ದೆಯಲ್ಲಿ ಇದ್ದರು" ಅಂದ.

ನಾನು ಮಂಡ್ಯದವನು, ನನ್ನ ಬಾಯಿಂದ ಮೊದಲು ಬಂದಿದ್ದು ಕಬ್ಬು ಎಷ್ಟು ಎತ್ತರ ಇತ್ತು ಅನ್ನುವ ಮಾತು. ರಾತ್ರಿ ಕಬ್ಬಿನೊಳಗೆ ಹೋದವರಿಗೆ ಗೊತ್ತು, ಗರಿ ಮುಖ ಮೈಯೆಲ್ಲ ಕೊಯ್ಯುತ್ತೆ, ಕಾಲ ಕೆಳಗೆ ಏನಿದೆ ಕಾಣಲ್ಲ, ಅಲುಗಿದರೆ ಸದ್ದು. ಮಗು ಅತ್ತರೆ ಬಾಯಿ ಮುಚ್ಚಬೇಕು. "ತಲೆ ಮುಳುಗುವಷ್ಟಿತ್ತು" ಅಂದ. "ನಾಟಿ ಒಂದು ತಿಂಗಳು ತಡ ಆಗಿದ್ದರೂ ಕಾಣಿಸಿಬಿಡುತ್ತಿದ್ದರು."

ಸರ್ಕಾರ ಪರಿಹಾರ ಕೊಟ್ಟಿತು, ಮನೆಗೆ ಹೊಸ ಬಾಗಿಲು ಬಂತು. ಮಗಳ ಮದುವೆಗೆ ಅಂತ ಪೆಟ್ಟಿಗೆಯಲ್ಲಿ ಕೂಡಿಟ್ಟದ್ದು ಹೋಯಿತು. ಅಕ್ಕ ಅದೇ ಮನೆಯಲ್ಲಿದ್ದಾಳೆ. ಗದ್ದೆಯ ಯಜಮಾನ ಕಬ್ಬು ಕಡಿಸುವ ದಿನ ಯಾವಾಗ ಅಂತ ಈಗ ಪ್ರತಿ ವರ್ಷ ಕೇಳಿ ತಿಳಿದುಕೊಂಡಿರುತ್ತಾಳಂತೆ.