ತಾರಾಮತಿಯೋ, ಚಂದ್ರಮತಿಯೋ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಮೂಕಿ ಚಿತ್ರಗಳ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಭಾರತೀಯರು ತಮ್ಮನ್ನು ಒಂದು ಜನವೆಂದು ಕಂಡುಕೊಳ್ಳುವುದರಲ್ಲಿ ಮೂಕಿ ಚಿತ್ರಗಳ ಪಾಲು ದೊಡ್ಡದು ಎಂಬ ಲೇಖನದ ಮಾತನ್ನು ತಾವು ಒಪ್ಪಿಲ್ಲ. ಸಂಸ್ಕೃತಿಯ ಜೀವ ಇರುವುದು ನುಡಿಯಲ್ಲಿ, ನುಡಿಯೇ ಇಲ್ಲದ ಚಿತ್ರ ಯಾವ ಗುರುತನ್ನು ಕೊಟ್ಟೀತು ಎಂಬುದು ತಮ್ಮ ಮುಖ್ಯ ಪ್ರಶ್ನೆ. ಪುರಾಣಗಳನ್ನಷ್ಟೇ ತೋರಿಸಿದ ಚಿತ್ರಗಳನ್ನು ಇಡೀ ದೇಶದ್ದೆಂದು ಕರೆಯಬಹುದೇ ಎಂದೂ, ಮುಂಬಯಿ ಕಲ್ಕತ್ತೆಗಳಲ್ಲಿ ನಡೆದ ಈ ಉದ್ಯಮದಲ್ಲಿ ಕನ್ನಡಿಗರಿಗೆ ಏನು ಸಂಬಂಧವೆಂದೂ ಕೇಳಿದ್ದೀರಿ. ಲೇಖನದ ಜೊತೆ ಅಚ್ಚಾದ ಚಿತ್ರದ ಬಗ್ಗೆಯೂ ಒಂದು ಸಂದೇಹ ಎತ್ತಿದ್ದೀರಿ. ತಮ್ಮ ಸಂದೇಹ ನ್ಯಾಯವಾದದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನುಡಿಯ ಪ್ರಶ್ನೆಗೆ ಉತ್ತರ ಹುಡುಕಲು ‘ರಾಜಾ ಹರಿಶ್ಚಂದ್ರ’ ಚಿತ್ರವನ್ನೇ ತೆಗೆದುಕೊಳ್ಳೋಣ. ಭಾರತದ ಮೊದಲ ಪೂರ್ಣ ಕಥಾಚಿತ್ರವೆನಿಸಿದ, ಧುಂಡಿರಾಜ್ ಗೋವಿಂದ ಫಾಲ್ಕೆಯವರ ಈ ಚಿತ್ರ ಮುಂಬಯಿಯ ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ 1913ರ ಮೇ 3ರಂದು ತೆರೆ ಕಂಡಿತು. ಉದ್ದ ಸುಮಾರು 3,700 ಅಡಿ. ನಡುನಡುವೆ ಬರುವ ಬರಹದ ಫಲಕಗಳಲ್ಲಿ ಹಿಂದಿಯೂ ಇಂಗ್ಲಿಷೂ ಇದ್ದವು, ಅವು ರಾಜನ ಹೆಂಡತಿಯನ್ನು ತಾರಾಮತಿ ಎಂದು ಕರೆದವು, ಮಗನನ್ನು ರೋಹಿತಾಶ್ವ ಎಂದವು. ನಮ್ಮ ಕಡೆ ರಾಘವಾಂಕನ ಷಟ್ಪದಿಯನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರಿಗೆ ಆಕೆ ಚಂದ್ರಮತಿ, ಮಗು ಲೋಹಿತಾಶ್ವ. ಅಂಥ ಶ್ರೋತೃವೊಬ್ಬ ಆ ತೆರೆಯ ಮುಂದೆ ಕುಳಿತಿದ್ದರೆ, ಕಾಶಿಯ ಮಸಣದಲ್ಲಿ ಸತ್ತ ಮಗುವಿನ ಮುಂದೆ ಅಳುವ ಹೆಂಗಸನ್ನು ತಾರಾಮತಿ ಎಂದು ಅವನಿಗೆ ಯಾರೂ ಕೂಗಿ ಹೇಳುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಆ ದನಿಯನ್ನು ಅವನು ತನ್ನ ಮನೆಯಿಂದಲೇ ತರುತ್ತಿದ್ದ. ಮರಾಠಿಯವನೂ ತಮಿಳನೂ ಬಂಗಾಳಿಯೂ ಹಾಗೆಯೇ ಮಾಡುತ್ತಿದ್ದರು. ಒಂದೇ ಮುಖವನ್ನು ಇಷ್ಟು ಜನ ತಮ್ಮ ತಮ್ಮ ನುಡಿಯಲ್ಲಿ ನಮ್ಮವಳೆಂದು ಕರೆಯಲು ಸಾಧ್ಯವಾದದ್ದು ಆಕೆ ಯಾವ ನುಡಿಯನ್ನೂ ಆಡದಿದ್ದುದರಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂಕಿ ಚಿತ್ರಕ್ಕೆ ನುಡಿ ಇರಲಿಲ್ಲ ಎನ್ನುವಾಗ ಇನ್ನೊಂದು ಸಂಗತಿಯನ್ನೂ ನೆನಪಿನಲ್ಲಿಡಬೇಕು. ಚಿತ್ರ ಮೂಕವಾಗಿತ್ತೇ ಹೊರತು ಚಿತ್ರಮಂದಿರ ಮೂಕವಾಗಿರಲಿಲ್ಲ. ಫಲಕದ ಬರಹವನ್ನು ಓದಬಲ್ಲವರು ಓದಲಾರದವರಿಗಾಗಿ ಗಟ್ಟಿಯಾಗಿ ಓದುತ್ತಿದ್ದರು; ಎಷ್ಟೋ ಕಡೆ ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳಲು ಒಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು; ಹಾರ್ಮೋನಿಯಂ, ತಬಲಾ ಕೆಳಗೆ ನುಡಿಯುತ್ತಿದ್ದವು. ಹರಿಕಥೆ ಕೇಳಿದವರಿಗೆ, ತೊಗಲುಗೊಂಬೆಯ ಪರದೆಯ ಮುಂದೆ ರಾತ್ರಿ ಕಳೆದವರಿಗೆ ಈ ಏರ್ಪಾಡು ಹೊಸತಾಗಿ ಕಂಡಿರಲಾರದು. ಆಟ ಎಲ್ಲಿಂದಲೋ ಬಂದದ್ದು, ಮಾತು ಮಾತ್ರ ಊರಿನದು.

ಫಾಲ್ಕೆಯವರಿಗೆ ತಾವು ಮಾಡುತ್ತಿರುವುದೇನೆಂಬುದು ಚೆನ್ನಾಗಿ ತಿಳಿದಿತ್ತು. ಮುಂಬಯಿಯಲ್ಲಿ ಕ್ರಿಸ್ತನ ಜೀವನ ಕುರಿತ ಚಿತ್ರವೊಂದನ್ನು ನೋಡುತ್ತಿದ್ದಾಗ ತಮ್ಮ ಒಳಗಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆಗಳು ಕಾಣತೊಡಗಿದವೆಂದೂ, ಭಾರತದ ಮಕ್ಕಳಾದ ನಾವು ನಮ್ಮ ರೂಪಗಳನ್ನು ತೆರೆಯ ಮೇಲೆ ಎಂದು ಕಂಡೇವೆಂಬ ಯೋಚನೆ ತಮ್ಮನ್ನು ಹಿಡಿದುಕೊಂಡಿತೆಂದೂ ಅವರು 1917ರಲ್ಲಿ ‘ನವಯುಗ’ ಎಂಬ ಮರಾಠಿ ಪತ್ರಿಕೆಯಲ್ಲಿ ಬರೆದುಕೊಂಡಿದ್ದಾರೆ. 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಕೊಂಡರು, ಅಲ್ಲಿನ ಚಿತ್ರ ತಯಾರಕ ಸೆಸಿಲ್ ಹೆಪ್‌ವರ್ತ್ ಅವರಿಂದ ಕೆಲಸದ ಮರ್ಮ ತಿಳಿದುಕೊಂಡು ಬಂದರು. ಪತ್ನಿ ಸರಸ್ವತಿಬಾಯಿ ಒಡವೆಗಳನ್ನು ಕೊಟ್ಟದ್ದಷ್ಟೇ ಅಲ್ಲ, ಕತ್ತಲ ಕೋಣೆಯಲ್ಲಿ ಕುಳಿತು ಫಿಲಂ ಪಟ್ಟಿಗೆ ತೂತು ಹೊಡೆದರು, ಇಡೀ ತಂಡಕ್ಕೆ ಅಡುಗೆ ಮಾಡಿ ಹಾಕಿದರು. ಭಾರತೀಯ ಚಿತ್ರರಂಗದ ಚರಿತ್ರೆಗಳು ಈ ಹೆಣ್ಣುಮಗಳಿಗೆ ಇನ್ನೂ ಸಲ್ಲಬೇಕಾದಷ್ಟು ಪುಟಗಳನ್ನು ಕೊಟ್ಟಿಲ್ಲವೆಂಬ ಕೊರಗು ನನಗಿದೆ. ತಾರಾಮತಿಯ ಪಾತ್ರಕ್ಕೆ ಯಾವ ಹೆಣ್ಣೂ ಒಪ್ಪದಿದ್ದಾಗ ಉಪಾಹಾರಗೃಹವೊಂದರಲ್ಲಿ ಅಡುಗೆಯ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಸೀರೆ ಉಟ್ಟರು. ತಮ್ಮ ಚಿತ್ರಗಳ ಬಂಡವಾಳ, ಒಡೆತನ, ದುಡಿಯುವ ಕೈ, ಕಥೆ ಎಲ್ಲವೂ ಸ್ವದೇಶಿ ಎಂದು ಫಾಲ್ಕೆ ಹೆಮ್ಮೆಯಿಂದ ಹೇಳಿಕೊಂಡರು. ಕ್ಯಾಮೆರಾ ಇಂಗ್ಲೆಂಡಿನದಾಗಿದ್ದರೂ ಆ ಹೆಮ್ಮೆ ಸುಳ್ಳಲ್ಲ. ವಿದೇಶದ ಯಂತ್ರದಲ್ಲಿ ತಮ್ಮವರ ಮುಖ ಕಾಣಿಸಬೇಕೆಂಬ ಹಟವೇ ಆ ಕಾಲದ ಸ್ವದೇಶಿಯ ತಿರುಳು.

ಆ ಮುಖಗಳಾದರೂ ಎಲ್ಲಿಂದ ಬಂದವು? ಫಾಲ್ಕೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿದವರು, ಛಾಯಾಗ್ರಹಣ ಬಲ್ಲವರು, ರಾಜಾ ರವಿವರ್ಮನ ಮುದ್ರಣಾಲಯಕ್ಕಾಗಿಯೂ ಕೆಲಸ ಮಾಡಿದವರು. ರವಿವರ್ಮನ ಕಲ್ಲಚ್ಚಿನ ದೇವರ ಪಟಗಳು ಅಷ್ಟರಲ್ಲಾಗಲೇ ದೇಶದ ಮೂಲೆಮೂಲೆಯ ದೇವರ ಗೂಡುಗಳನ್ನು ಸೇರಿದ್ದವು. ಹೀಗಾಗಿ ತೆರೆಯ ಮೇಲೆ ಕೃಷ್ಣ ಬಂದಾಗ ಅವನು ಕೃಷ್ಣನೆಂದು ಗುರುತಿಸಲು ಮಾತು ಬೇಕಿರಲಿಲ್ಲ, ಪಟದಲ್ಲಿ ನಿಂತಿದ್ದವನು ಈಗ ನಡೆದಾಡಿದನಷ್ಟೆ. 1919ರ ‘ಕಾಲಿಯಾ ಮರ್ದನ’ದಲ್ಲಿ ಬಾಲಕೃಷ್ಣನಾಗಿ ನಟಿಸಿದವಳು ಫಾಲ್ಕೆಯವರ ಮಗಳು ಮಂದಾಕಿನಿ. ಮೂಕಿ ಚಿತ್ರ ಈ ಗುರುತನ್ನು ಏನೂ ಇಲ್ಲದಲ್ಲಿ ಹುಟ್ಟಿಸಿತೆಂದು ನಮ್ಮ ಲೇಖನ ಧ್ವನಿಸಿದ್ದರೆ ಅದು ತಪ್ಪು. ಅಚ್ಚಿನ ಪಟ, ಕಂಪನಿ ನಾಟಕ, ಹರಿಕಥೆಗಳು ಬೇರೆ ಬೇರೆಯಾಗಿ ಕೂಡಿಟ್ಟದ್ದನ್ನು ಅದು ಒಟ್ಟುಮಾಡಿ ಒಂದೇ ಹೊತ್ತಿಗೆ ದೂರದ ಊರುಗಳಿಗೆ ತಲುಪಿಸಿತು.

ಇದರ ಬಲವನ್ನು ನಮಗಿಂತ ಮೊದಲು ಅಳೆದವರು ಆಳುವವರು. 1918ರಲ್ಲಿ ಸಿನಿಮಾ ಕಾಯಿದೆ ಬಂತು, 1920ರಲ್ಲಿ ಮುಂಬಯಿ, ಕಲ್ಕತ್ತೆ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಕುಳಿತವು. ಮರುವರ್ಷವೇ ಕೊಹಿನೂರ್ ಕಂಪನಿಯ ‘ಭಕ್ತ ವಿದುರ’ ಬಂತು. ಕಥೆ ಮಹಾಭಾರತದ್ದು, ಆದರೆ ವಿದುರನ ಪಾತ್ರ ವಹಿಸಿದ ದ್ವಾರಕಾದಾಸ್ ಸಂಪತ್ ಅವರ ಮೈಮೇಲೆ ಖಾದಿ ಅಂಗಿ, ತಲೆಯ ಮೇಲೆ ಗಾಂಧಿ ಟೋಪಿ ಇದ್ದವು. ವಿದುರನ ಹೆಸರಿನಲ್ಲಿ ತೋರಿಸುತ್ತಿರುವುದು ಗಾಂಧಿಯನ್ನೇ ಎಂದು ಅಧಿಕಾರಿಗಳು ಕಂಡುಕೊಂಡರು. ಕರಾಚಿಯಲ್ಲೂ ಮದರಾಸಿನಲ್ಲೂ ಚಿತ್ರಕ್ಕೆ ನಿಷೇಧ ಬಿತ್ತು. ಒಂದೂ ಮಾತಾಡದ ಚಿತ್ರವನ್ನು ರಾಜದ್ರೋಹವೆಂದು ಕಂಡ ಆ ಸರ್ಕಾರ, ತಮ್ಮ ಮೊದಲ ಪ್ರಶ್ನೆಗೆ ನನಗಿಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟುಬಿಟ್ಟಿದೆ ಎಂದು ನನಗೆ ತೋರುತ್ತದೆ. ಗಾಂಧೀಜಿಯವರಿಗೆ ಮಾತ್ರ ಸಿನಿಮಾದ ಮೇಲೆ ಒಲವಿರಲಿಲ್ಲ. 1927ರಲ್ಲಿ ಮದರಾಸಿನ ವಕೀಲ ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ನೇಮಕವಾದ ಸಿನಿಮಾ ವಿಚಾರಣಾ ಸಮಿತಿಗೆ, ತಾವು ಎಂದೂ ಸಿನಿಮಾಕ್ಕೆ ಹೋದವರಲ್ಲವೆಂದೂ ಅದರಿಂದ ಆಗಿರುವ ಕೆಡುಕು ಹೊರಗಿನವರಿಗೂ ಕಾಣುತ್ತದೆಂದೂ ಅವರು ಬರೆದು ಕಳಿಸಿದರು. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕ ನೋಡಿ ಅದನ್ನು ಮರೆಯಲಾಗದೆ ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿದವರು ಅವರೇ. ಅಮೆರಿಕದ ಚಿತ್ರಗಳನ್ನು ಹಿಮ್ಮೆಟ್ಟಿಸಿ ಬ್ರಿಟಿಷ್ ಚಿತ್ರಗಳಿಗೆ ವಿಶೇಷ ರಿಯಾಯಿತಿ ಕೊಡಿಸುವ ಆಸೆ ಸಾಮ್ರಾಜ್ಯದ್ದಾಗಿತ್ತು. ರಂಗಾಚಾರ್ಯರ ಸಮಿತಿ ಅದಕ್ಕೆ ಒಪ್ಪದೆ, ನೆರವು ಬೇಕಾದದ್ದು ಭಾರತದ ಚಿತ್ರಗಳಿಗೆ ಎಂದಿತು.

ಪುರಾಣದ ವಿಷಯದಲ್ಲಿ ತಾವು ಎತ್ತಿದ ಆಕ್ಷೇಪಕ್ಕೆ ಅರ್ಧ ಒಪ್ಪಿಗೆ, ಅರ್ಧ ಪ್ರತಿವಾದ. ಮೊದಲ ವರ್ಷಗಳಲ್ಲಿ ಪುರಾಣವೇ ಹೆಚ್ಚು ಎಂಬುದು ನಿಜ, ಒಂದು ಧರ್ಮದ ಕಥೆಗಳೇ ದೇಶದ ಕಥೆಗಳೆಂಬ ಭಾವನೆ ಅದರಿಂದ ಬೇರೂರಿತೆಂಬ ತಮ್ಮ ಆತಂಕ ತಳ್ಳಿಹಾಕುವಂಥದ್ದಲ್ಲ. ಆದರೆ ಪುರಾಣವಷ್ಟೇ ಇತ್ತೆಂಬುದು ಸರಿಯಲ್ಲ. 1925ರಲ್ಲಿ ಬಾಬೂರಾವ್ ಪೇಂಟರ್ ‘ಸಾವಕಾರಿ ಪಾಶ’ ತೆಗೆದರು. ಸಾಲ ಕೊಟ್ಟವನ ಕೈಗೆ ಹೊಲ ಕಳೆದುಕೊಂಡ ರೈತನಾಗಿ ಅದರಲ್ಲಿ ನಟಿಸಿದವರು ವಿ. ಶಾಂತಾರಾಮ್. 1928ರ ‘ಶಿರಾಜ್’ ತಾಜಮಹಲಿನ ಸುತ್ತ ಹೆಣೆದ ಕಥೆ. ತೆರೆಯ ಹಿಂದೆ ಮುಂದೆ ದುಡಿದವರನ್ನು ನೋಡಿ: ಕಲ್ಕತ್ತೆಯ ಚಿತ್ರೋದ್ಯಮಿ ಜೆ. ಎಫ್. ಮದನ್ ಮತ್ತು ಮುಂಬಯಿಯ ನಿರ್ಮಾಪಕ ಅರ್ದೇಶಿರ್ ಇರಾನಿ ಪಾರ್ಸಿಗಳು; 1926ರಲ್ಲಿ ತಾವೇ ಚಿತ್ರ ನಿರ್ದೇಶಿಸಿದ ಫಾತ್ಮಾ ಬೇಗಂ ಮುಸ್ಲಿಂ ಮಹಿಳೆ; ಸುಲೋಚನಾ ಎಂದು ಮನೆಮಾತಾದ ನಟಿಯ ಹುಟ್ಟುಹೆಸರು ರೂಬಿ ಮೈಯರ್ಸ್, ಯೆಹೂದಿ ಮನೆತನ; ಸೀತಾದೇವಿ ಎಂಬ ಆಂಗ್ಲೋ-ಇಂಡಿಯನ್ ನಟಿಯ ನಿಜನಾಮ ರೆನೀ ಸ್ಮಿತ್. ಭಾರತೀಯ ಹೆಣ್ಣು ಎಂಬ ರೂಪಕ್ಕೆ ಮುಖ ಕೊಟ್ಟವರಲ್ಲಿ ಇವರಿದ್ದರು, ಉಚ್ಚಾರಣೆ ಯಾರಿಗೂ ಅಡ್ಡ ಬರಲಿಲ್ಲ.

ಆ ತೆರೆ ಯಾರನ್ನು ಒಳಗೆ ಬಿಡಲಿಲ್ಲವೆಂಬುದನ್ನೂ ಹೇಳದೆ ಹೋದರೆ ನನ್ನ ಉತ್ತರ ಪ್ರಾಮಾಣಿಕವಾಗದು. ಜೆ. ಸಿ. ಡೇನಿಯಲ್ ತೆಗೆದ ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ತಿರುವನಂತಪುರದಲ್ಲಿ ತೆರೆ ಕಂಡಾಗ, ನಾಯರ್ ಹೆಣ್ಣಾಗಿ ನಟಿಸಿದ್ದ ಪಿ. ಕೆ. ರೋಸಿ ದಲಿತಳೆಂಬ ಒಂದೇ ಕಾರಣಕ್ಕೆ ಮೇಲ್ಜಾತಿಯ ಪ್ರೇಕ್ಷಕರು ರೊಚ್ಚಿಗೆದ್ದರು. ಆಕೆ ಊರು ಬಿಟ್ಟು ಓಡಬೇಕಾಯಿತು. ನುಡಿಯನ್ನು ಕೇಳದ ಚಿತ್ರಮಂದಿರ ಜಾತಿಯನ್ನು ಕೇಳಿತು. ಕಳೆದ ಸಂಚಿಕೆಯ ಲೇಖನದಲ್ಲಿ ಈ ಸಂಗತಿಗೆ ಜಾಗ ಸಿಗದೆ ಹೋದದ್ದು ಸಂಪಾದಕನಾದ ನನ್ನ ಲೋಪ.

ಕನ್ನಡಿಗರ ಪಾಲು ಗಾತ್ರದಲ್ಲಿ ಚಿಕ್ಕದಾದರೂ ಇಲ್ಲದೇ ಇಲ್ಲ. ‘ಮೃಚ್ಛಕಟಿಕ’ ನಾಟಕವನ್ನು ಆಧರಿಸಿ ಮೋಹನ್ ಭವನಾನಿ ತೆಗೆದ ಮೂಕಿ ಚಿತ್ರ ‘ವಸಂತಸೇನಾ’ದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ. ಪಿ. ಕೈಲಾಸಂ ಅವರೂ ನಟಿಸಿದರು. ಬೆಂಗಳೂರಿನ ಆಡುಮಾತನ್ನೇ ಉಸಿರಾಗಿಸಿಕೊಂಡಿದ್ದ ನಾಟಕಕಾರ ದನಿಯಿಲ್ಲದ ತೆರೆಯ ಮೇಲೆ ನಿಂತಿದ್ದನ್ನು ನೆನೆದಾಗಲೆಲ್ಲ, ಆ ಕಾಲದ ಕಲಾವಿದರಿಗೆ ಈ ಹೊಸ ಮಾಧ್ಯಮ ಎಷ್ಟು ದೊಡ್ಡ ಸೆಳೆತವಾಗಿತ್ತೆಂಬುದು ನನ್ನ ಮನಸ್ಸಿಗೆ ನಾಟುತ್ತದೆ. ಗುಬ್ಬಿ ವೀರಣ್ಣನವರೂ ತಮ್ಮ ನಾಟಕ ಕಂಪನಿಯ ಕೆಲಸದ ನಡುವೆ ಮೂಕಿ ಚಿತ್ರಗಳಿಗೆ ಹಣ ಹೂಡಿದರು; ಅವರ ‘ಹರಿಮಾಯಾ’ವನ್ನು ನಿರ್ದೇಶಿಸಿದವರು ವೈ. ವಿ. ರಾವ್. ಮುಂದೆ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ವನ್ನು ನಿರ್ದೇಶಿಸಿ ಕನ್ನಡಕ್ಕೆ ಬಾಯಿ ಕೊಟ್ಟವರೂ ಇದೇ ರಾವ್.

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಮಾತಾಡಿದ ಕ್ಷಣದಿಂದ ಆ ಹಳೆಯ ಏರ್ಪಾಡು ಮುರಿಯಿತು. ನಟಿ ಸುಲೋಚನಾ ಹಿಂದೂಸ್ತಾನಿ ಕಲಿಯಲು ಕೂರಬೇಕಾಯಿತು. ತೆರೆಯ ಪಕ್ಕದ ಕಥೆಗಾರನಿಗೆ ಕೆಲಸ ಹೋಯಿತು. ತಮಿಳು, ತೆಲುಗು, ಬಂಗಾಳಿಗಳು ತಮ್ಮ ತಮ್ಮ ಚಿತ್ರಗಳನ್ನು ಕೇಳಿ ಪಡೆದವು, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನಾ’ ಕನ್ನಡ ಆಡಿತು. ಇಲ್ಲಿ ತಮ್ಮ ಮಾತು ಸತ್ಯವಾಗುತ್ತದೆ: ನುಡಿ ಬಂದ ಕೂಡಲೇ ಜನ ತಮ್ಮ ನುಡಿಯ ಕಡೆಗೇ ನಡೆದರು, ಹದಿನೆಂಟು ವರ್ಷ ಎಲ್ಲರಿಗೂ ಸಲ್ಲುತ್ತಿದ್ದ ತೆರೆ ಹಂಚಿಹೋಯಿತು. ಮೂಕಿ ಚಿತ್ರ ಭಾರತದ ನುಡಿಗಳ ಪ್ರಶ್ನೆಯನ್ನು ಬಿಡಿಸಿರಲಿಲ್ಲ, ಮುಂದೂಡಿತ್ತು. ಆದರೆ ಮುಂದೂಡಿದ ಆ ಅವಧಿಯಲ್ಲಿ, ಪ್ರತಿಯೊಬ್ಬನೂ ತನ್ನ ನುಡಿಯನ್ನು ತುಂಬಿಕೊಳ್ಳಲು ಜಾಗ ಬಿಟ್ಟ ಒಂದು ದೇಶದ ಚಿತ್ರ ಸಿದ್ಧವಾಗಿತ್ತು. ಒಂದು ನುಡಿ ಉಳಿದವುಗಳ ಮೇಲೆ ಕೂರದೆಯೇ ನಾವು ಒಂದು ಜನವಾಗಿರಬಹುದೆಂಬುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿ ಸಿನಿಮಾದಲ್ಲಿ ಇಲ್ಲವಾದ್ದರಿಂದಲೇ ನಮ್ಮ ಪತ್ರಿಕೆ ಆ ಲೇಖನಕ್ಕೆ ಅಷ್ಟು ಪುಟ ಕೊಟ್ಟಿತು.

ಇನ್ನು ಅಚ್ಚಾದ ಚಿತ್ರದ ಮಾತು. ‘1913ರ ಹರಿಶ್ಚಂದ್ರ’ ಎಂಬ ಅಡಿಬರಹ ಕೊಟ್ಟು ಹಾಕಿದ ಆ ದೃಶ್ಯ ಮೂಲ ಚಿತ್ರದ್ದಿರಲಾರದು ಎಂದು ತಾವು ಬರೆದಿದ್ದೀರಿ. ನಾವು ಅಷ್ಟು ಖಚಿತವಾಗಿ ಅಡಿಬರಹ ಕೊಡಬಾರದಿತ್ತು. ಇಂದು ಉಳಿದಿರುವುದು ಮೊದಲ ಮತ್ತು ಕೊನೆಯ ರೀಲುಗಳು ಮಾತ್ರ, ಅವೂ ಫಾಲ್ಕೆ 1917ರಲ್ಲಿ ಮತ್ತೆ ತೆಗೆದ ಹರಿಶ್ಚಂದ್ರದವು ಎಂದು ವಾದಿಸುವ ಚರಿತ್ರಕಾರರಿದ್ದಾರೆ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಇಡಿಯಾಗಿಯೋ ಚೂರಾಗಿಯೋ ಉಳಿದವು 30ನ್ನೂ ಮುಟ್ಟುವುದಿಲ್ಲ. ಆ ಕಾಲದ ನೈಟ್ರೇಟ್ ಫಿಲಂ ತಾನಾಗಿ ಕೊಳೆಯುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಅದರಲ್ಲಿರುವ ಬೆಳ್ಳಿಗಾಗಿ ರೀಲುಗಳನ್ನು ಕರಗಿಸಿದವರೂ ಇದ್ದರು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಗಿ, ಅಲ್ಲಿನ ಪಿ. ಕೆ. ನಾಯರ್ ಮನೆಮನೆ ತಿರುಗಿ ಹುಡುಕದಿದ್ದರೆ ಫಾಲ್ಕೆಯವರ ಇಷ್ಟೂ ನಮಗೆ ಸಿಗುತ್ತಿರಲಿಲ್ಲ. ನಮ್ಮ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ.

ತಮ್ಮ ತಂದೆಯವರು ಟೆಂಟ್ ಸಿನಿಮಾದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರೆಂದೂ ಆ ಕಾಲದ ಕೆಲವು ಕರಪತ್ರಗಳು ಟ್ರಂಕಿನಲ್ಲಿವೆಯೆಂದೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಅವನ್ನು ಅಂಚೆಯಲ್ಲಿ ಕಳಿಸಬೇಡಿ. ಮಡಿಕೆ ಬಿಡಿಸುವಾಗ ಹಳೆಯ ಕಾಗದ ಮುರಿಯುತ್ತದೆ. ತಾವು ಒಪ್ಪಿ ದಿನ ತಿಳಿಸಿದರೆ ನಮ್ಮವರೇ ತಮ್ಮ ಮನೆಗೆ ಬಂದು ಅವುಗಳ ಫೋಟೋ ತೆಗೆದುಕೊಂಡು, ಮೂಲವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ವಿಶ್ವಾಸದಿಂದ,
ಸಂಪಾದಕ