ಮೀನು ತೊಳೆದ್ರೆ ಡಿಡಿಟಿ ಹೋಗುತ್ತಾ?

ಪ್ರಶ್ನೆ: ಸಮುದ್ರದ ಮೀನಲ್ಲೂ ಕೀಟನಾಶಕ ಇರುತ್ತೆ ಅಂತ ಓದಿದಾಗಿಂದ ಮನೇಲಿ ಎಲ್ರಿಗೂ ಭಯ. ಉಪ್ಪು, ಅರಿಶಿನ, ಹುಣಸೆಹುಳಿ ಹಾಕಿ ತಿಕ್ಕಿ ತೊಳೆದ್ರೆ ಹೋಗಲ್ವಾ? ಮಕ್ಕಳಿಗೆ ಬೂತಾಯಿ ಕೊಡೋದು ನಿಲ್ಲಿಸ್ಬೇಕಾ?
– ಓದುಗರು, ಕುಂದಾಪುರ

ಉತ್ತರ: ಬೂತಾಯಿ ದಯವಿಟ್ಟು ನಿಲ್ಲಿಸ್ಬೇಡಿ. ತೊಳೆದ್ರೆ ಲೋಳೆ, ವಾಸನೆ ಹೋಗುತ್ತೆ, ಕೀಟನಾಶಕ ಹೋಗಲ್ಲ. ಡಿಡಿಟಿ ಥರದ ಹಳೇ ಕ್ಲೋರಿನ್ ಕೀಟನಾಶಕಗಳು ನೀರಲ್ಲಿ ಕರಗೋದೇ ಇಲ್ಲ ಅನ್ನೋಷ್ಟು ಕಮ್ಮಿ, ಕೊಬ್ಬಲ್ಲಿ ಮಾತ್ರ ಸಲೀಸಾಗಿ ಕರಗ್ತವೆ, ಹಾಗಾಗಿ ಮೀನಿನೊಳಗೆ ಹೋದ್ಮೇಲೆ ಲಿವರ್, ಮೊಟ್ಟೆ, ಹೊಟ್ಟೆ ಭಾಗ, ಚರ್ಮದ ಕೆಳಗಿನ ಕೊಬ್ಬು ಇಲ್ಲೆಲ್ಲ ಕೂತ್ಬಿಡ್ತವೆ, ಆ ಮೀನನ್ನ ಇನ್ನೊಂದು ತಿಂದ್ರೆ ಅದರ ಕೊಬ್ಬಿಗೆ ಸೇರ್ತವೆ, ಹೀಗೆ ಮೇಲೆ ಹೋದಷ್ಟೂ ಜಾಸ್ತಿ ಆಗ್ತಾ ಹೋಗುತ್ತೆ.

ಬೂತಾಯಿ ಎಣ್ಣೆ ಮೀನು, ನಿಜ. ಆದ್ರೆ ಅದು ತಿನ್ನೋದು ಪ್ಲವಕ ಅಂದ್ರೆ ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳನ್ನ, ಬದುಕೋದು ಹೆಚ್ಚಂದ್ರೆ ಎರಡು ಎರಡೂವರೆ ವರ್ಷ, ಅಷ್ಟರಲ್ಲಿ ಎಷ್ಟು ತಾನೇ ಕೂಡಿಹಾಕುತ್ತೆ? ಬೇರೆ ಮೀನು ತಿಂದು ವರ್ಷಗಟ್ಟಲೆ ಬದುಕೋ ದೊಡ್ಡ ತಾಟೆ (ಶಾರ್ಕ್) ಥರದವನ್ನ ಅಪರೂಪಕ್ಕೆ ಇಟ್ಕೊಳ್ಳಿ, ಅದರ ಲಿವರ್ ಬೇಡ್ವೇ ಬೇಡ. ಒಂದೇ ಜಾತಿ ಮೀನಿಗೆ ಅಂಟ್ಕೊಳ್ಳದೆ ಬದಲಾಯಿಸ್ತಾ ತಿನ್ನಿ. ಇನ್ನೊಂದು ವಿಷ್ಯ, ಸಾರು ಮಾಡಿದ್ರೆ ಮೀನಿನ ಕೊಬ್ಬು ಕರಗಿ ಸಾರಿಗೇ ಬರುತ್ತೆ, ಮೇಲೆ ಎಣ್ಣೆ ತೇಲುತ್ತಲ್ಲ ಅದರಲ್ಲಿ ಕೀಟನಾಶಕವೂ ಇರುತ್ತೆ. ದೊಡ್ಡ ಮೀನಾದ್ರೆ ಚರ್ಮ ತೆಗೆದು ಕೊಬ್ಬು ಇಳಿದು ಹೋಗೋ ಹಾಗೆ ಕೆಂಡದ ಮೇಲೆ ಸುಟ್ರೆ ಸ್ವಲ್ಪ ಕಮ್ಮಿ ಆಗುತ್ತೆ.

ಪ್ರಶ್ನೆ: ಡಿಡಿಟಿ ಥರದ ಕೀಟನಾಶಕ ಎಲ್ಲ ಬ್ಯಾನ್ ಆಗಿ ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಯಾಕೆ ಹೆದರ್ಬೇಕು?
– ಓದುಗರು, ಪುತ್ತೂರು

ಉತ್ತರ: ಬ್ಯಾನ್ ಕಾಗದದ ಮೇಲೆ ಆಗೋದು, ಕೆಸರಲ್ಲಿ ಇರೋದು ಹಾಗೇ ಇರುತ್ತೆ. ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ಹತ್ರ ಒಂದು ಡಿಡಿಟಿ ಕಾರ್ಖಾನೆ ತನ್ನ ತ್ಯಾಜ್ಯನ ಒಳಚರಂಡಿ ಮೂಲಕ ಪಾಲೋಸ್ ವರ್ಡೆಸ್ ಕಡಲಿಗೆ ಬಿಡ್ತಾ ಇತ್ತು, ನಿಲ್ಲಿಸಿದ್ದು 1971ರಲ್ಲಿ. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧ ಮಾಡ್ತು. ಅದಕ್ಕೂ ಮುಂಚೆ 1970ರಲ್ಲಿ ಅಲ್ಲಿನ ಅನಕಾಪ ದ್ವೀಪದಲ್ಲಿ ಐನೂರಕ್ಕೂ ಹೆಚ್ಚು ಜೋಡಿ ಕಂದು ಪೆಲಿಕನ್‌ಗಳು ಗೂಡು ಕಟ್ಟಿದ್ರೂ ಬದುಕುಳಿದಿದ್ದು ಒಂದೇ ಒಂದು ಮರಿ, ಡಿಡಿಟಿ ಸೇರಿದ ಮೀನು ತಿಂದು ಮೊಟ್ಟೆ ಚಿಪ್ಪು ಎಷ್ಟು ತೆಳು ಆಗಿತ್ತು ಅಂದ್ರೆ ತಾಯಿ ಕೂತ್ರೇ ಒಡೆದು ಹೋಗ್ತಿತ್ತು. ಪೆಲಿಕನ್ ಆಮೇಲೆ ಚೇತರಿಸ್ಕೊಂಡ್ತು. ಆದ್ರೆ ನಮ್ಮ ಕಲ್ಲೂರು ಮೀನಿನ ಬಂಧು ವೈಟ್ ಕ್ರೋಕರ್ ಇದ್ಯಲ್ಲ, ತಳದ ಕೆಸರಲ್ಲಿ ಹುಳ ಹುಡುಕಿ ತಿನ್ನೋ ಮೀನು ಅದು, ಅದನ್ನ ತಿನ್ಬೇಡಿ ಅಂತ ದಶಕಗಳಾದ್ಮೇಲೂ ಅಲ್ಲಿ ಬೋರ್ಡ್ ಹಾಕಿದ್ರು.

ನಮ್ಮಲ್ಲಿ ಕೃಷಿಗೆ ಡಿಡಿಟಿ ನಿಂತಿದ್ದು 1989ರಲ್ಲಿ, ಸೊಳ್ಳೆ ಮತ್ತೆ ಕಾಲಾ ಅಜಾರ್ ಅನ್ನೋ ಜ್ವರ ಹರಡೋ ನೊಣಕ್ಕೆ ಅಂತ ಆಮೇಲೂ ಬಳಸಿದ್ರು. ಎಂಡೋಸಲ್ಫಾನ್ ಅನ್ನೋ ಇನ್ನೊಂದು ಕೀಟನಾಶಕ ನಿಂತಿದ್ದು 2011ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ಮೇಲೆ. ಕಾಸರಗೋಡಲ್ಲಿ, ನಿಮ್ಮ ಪಕ್ಕದ ಕೊಕ್ಕಡದಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಸುರಿದು ಜನರ ಬದುಕು ಏನಾಯ್ತು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಅಲ್ಲಿನ ಮಣ್ಣು ಮಳೆಗಾಲದಲ್ಲಿ ತೋಡಿಗೆ, ತೋಡಿಂದ ಹೊಳೆಗೆ, ಹೊಳೆಯಿಂದ ಕಡಲಿಗೇ ಹೋಗೋದು. ಈಗ ಬಳಸೋ ಔಷಧಗಳಲ್ಲಿ ಹೆಚ್ಚಿನವು ಡಿಡಿಟಿಯಷ್ಟು ಕಾಲ ಉಳಿಯಲ್ಲ, ಆದ್ರೆ ಎಷ್ಟೋ ಔಷಧಗಳು ಮೀನಿನ ಮರಿಗೆ ನೇರ ವಿಷವೇ, ಆದ್ರಿಂದ ತೋಟಕ್ಕೆ ಹೊಡೆದಾದ್ಮೇಲೆ ಸ್ಪ್ರೇ ಕ್ಯಾನ್ ಮಾತ್ರ ತೋಡಲ್ಲಿ ತೊಳೀಬೇಡಿ, ಕೆಲಸದೋರಿಗೂ ಹೇಳಿ.