ಕೊರೊನಾ ಹೊತ್ತಲ್ಲಿ ಶಾಲೆ ತೆರೆಯಲು ವಿಶ್ವವಿದ್ಯಾಲಯಗಳಿಂದ ನಿಜಕ್ಕೂ ಏನಾದರೂ ಸಹಾಯ ಆಯಿತಾ?

ಆಯಿತು. ನನಗೆ ಚೆನ್ನಾಗಿ ಗೊತ್ತಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ಕಥೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯರು ಅಲ್ಲಿನ ಶಾಲೆಗಳ ಜೊತೆ ಸೇರಿ ‘ಎಬಿಸಿ ಸೈನ್ಸ್ ಕೊಲ್ಯಾಬರೇಟಿವ್’ ಶುರು ಮಾಡಿದರು. ಏರ್ಪಾಡು ಸರಳ. ಯಾರಿಗೆ ಸೋಂಕು ಬಂತು, ಎಲ್ಲಿಂದ ಬಂತು ಎಂಬ ಲೆಕ್ಕ ಶಾಲೆಗಳದ್ದು. ಅದರಿಂದ ಏನು ತಿಳಿಯುತ್ತದೆ ಎಂದು ಬಿಡಿಸಿ ಹೇಳುವುದು ವೈದ್ಯರ ಕೆಲಸ. ಕೊನೆಯ ತೀರ್ಮಾನ ಮಾತ್ರ ಶಾಲಾ ಆಡಳಿತದ್ದೇ.

ಮೊದಲ 9 ವಾರ 11 ಶಾಲಾ ಜಿಲ್ಲೆಗಳಲ್ಲಿ (ಅಲ್ಲಿ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕ) 90,000ಕ್ಕೂ ಹೆಚ್ಚು ಮಕ್ಕಳು, ಸಿಬ್ಬಂದಿ ತರಗತಿಗೆ ಬಂದರು. 773 ಮಂದಿಗೆ ಸೋಂಕು ಹೊರಗಿನಿಂದ ತಗುಲಿತ್ತು. ಶಾಲೆಯೊಳಗೇ ಹರಡಿದ್ದು 32 ಮಾತ್ರ! ಮಕ್ಕಳಿಂದ ದೊಡ್ಡವರಿಗೆ ಶಾಲೆಯಲ್ಲಿ ಹರಡಿದ ಒಂದು ಪ್ರಕರಣವೂ ವರದಿಯಾಗಲಿಲ್ಲ. ಸುಮ್ನೆ ಬಾಗಿಲು ತೆರೆದು ಕೂತಿದ್ದಕ್ಕೆ ಆಗಿದ್ದಲ್ಲ ಇದು. ಮಾಸ್ಕ್, ಅಂತರ, ಕೈ ತೊಳೆಯುವುದು ಎಲ್ಲವೂ ಇತ್ತು. ನನ್ನ ಪ್ರಕಾರ ಮಾಸ್ಕಿನ ಪಾಲು ಜಾಸ್ತಿ.

ಆದರೆ ಲಕ್ಷಣವೇ ಇಲ್ಲದ ಮಕ್ಕಳು ಈ ಎಣಿಕೆಯಿಂದ ತಪ್ಪಿಸಿಕೊಂಡಿರಬಹುದು, ಅಲ್ವಾ? ಜೊತೆಗೆ ಇದು ಇನ್ನೂ ಬೇಗ ಹರಡುವ ಡೆಲ್ಟಾ ತಳಿ ಬರುವುದಕ್ಕೂ ಮುಂಚಿನ ಲೆಕ್ಕ.